ಕುರ್ಚಿಗೆ ಬೆಲ್ಲ ನೀರು

ತೀರ್ಥಹಳ್ಳಿಯ ಆರೈಕೆ ಮನೆಯಲ್ಲಿ ಮರೆವಿನ ಕಾಯಿಲೆಯ ದುಗ್ಗಮ್ಮತ್ತೆ ದಿನಾ ಮಧ್ಯಾಹ್ನ ಖಾಲಿ ಕುರ್ಚಿಯೊಡನೆ ಹರಟುತ್ತಿದ್ದರು. ಅದಕ್ಕೊಂದು ಮಾತ್ರೆ ಶುರುವಾಯಿತು. ಹರಟೆ ನಿಂತಿತು, ಅತ್ತೆ ನೋಡಲು ಹೋಗುತ್ತಿದ್ದ ಸೋದರಳಿಯ ನನ್ನ ಮುಖವನ್ನೂ ನೋಡದಷ್ಟು ಮಂಕಾದರು.

"ಎಷ್ಟು ಶಾಂತವಾಗಿದ್ದಾರೆ ನೋಡಿ," ಎಂದರು ನರ್ಸ್ ವಿನಯಾ.

"ಕಂಬವೂ ಶಾಂತವಾಗೇ ಇದೆಯಲ್ಲ ಸಿಸ್ಟರ್," ಎಂದೆ.

ಡಾಕ್ಟರನ್ನು ಕಾಡಿ ಬೇಡಿ ಮಾತ್ರೆಯನ್ನು ಮೆಲ್ಲಗೆ ಬಿಡಿಸಿದೆ. ಒಂದು ದಿನ ಅತ್ತೆ ಮಲಗಿದಲ್ಲಿಂದಲೇ ಗದರಿದರು: "ಎಂತದಾ ಮಾರಾಯ, ಬಂದೋರಿಗೆ ಬೆಲ್ಲ ನೀರು ಕೊಡಕ್ಕೂ ಹೇಳ್ಬೇಕಾ?"

ಗೆದ್ದೆ! ಕುರ್ಚಿಯ ಮುಂದೆ ಬೆಲ್ಲ, ನೀರು ಇಟ್ಟು, ಬಗ್ಗಿ ನಮಸ್ಕಾರವನ್ನೂ ಮಾಡಿದೆ. ಅತ್ತೆ ಮಂಚ ಅಲುಗುವಷ್ಟು ನಕ್ಕರು.

ಹೊರಡುವಾಗ ನೋಡಿದರೆ ಲೋಟ ಖಾಲಿ, ಕುರ್ಚಿ ಬೆಚ್ಚಗೆ. ಸಿಸ್ಟರಿಗೆ ಹೇಳಲಿಲ್ಲ, ಈ ಸಲ ಮಾತ್ರೆ ನನಗೆ ಬರೆಸಿಯಾರು. ಆದರೆ ಬೆಲ್ಲದ ಮೇಲೆ ಹಲ್ಲಿನ ಗುರುತಿತ್ತು. ಅತ್ತೆಗೆ ಒಂದೂ ಹಲ್ಲಿಲ್ಲ.