ಗುಳ್ಳೆ ನಿಂತ ಹದಿನೈದು ನಿಮಿಷ

ಭೀಮೇಶನಿಗೆ ಒಂದು ಕೆಟ್ಟ ಚಟವಿತ್ತು. ಯಾರೂ ಕೇಳದಿದ್ದರೂ ಉಪಕಾರ ಮಾಡಿಬಿಡುವುದು. ಅದು ಎಷ್ಟು ದುಬಾರಿ ಚಟವೆಂದು ಅವನಿಗೆ ತಿಳಿದದ್ದು ಒಂದು ಗುರುವಾರ ಬೆಳಿಗ್ಗೆ, ಇಂದಿರಾನಗರದ ಪುಟ್ಟ ಲ್ಯಾಬಿನಲ್ಲಿ ರೇವತಿ ಅಳುವುದನ್ನು ಕಂಡಾಗ.

ತೊಂಬತ್ತೆಂಟನೇ ಇಸವಿಯ ಮಾತು. ರೇವತಿ ಕಲಬುರ್ಗಿಯಿಂದ ಪಿಎಚ್‌ಡಿಗೆಂದು ಬಂದವಳು. ದಿನ ತುಂಬದೆ ಹುಟ್ಟಿ ಉಸಿರಿಗಾಗಿ ಒದ್ದಾಡುವ ಕೂಸುಗಳಿಗೆ ಮದ್ದು ಹುಡುಕುತ್ತಿದ್ದಳು. ಅದಕ್ಕೆ ಕುರಿಯ ತಾಜಾ ಶ್ವಾಸಕೋಶ ಬೇಕಿತ್ತು. ಜೋಗುಪಾಳ್ಯದ ಭೀಮೇಶ ಆ ಲ್ಯಾಬಿನ ಟೆಕ್ನಿಷಿಯನ್. ಶಿವಾಜಿನಗರದ ಇನಾಯತ್ ಉಲ್ಲಾನ ಮಾಂಸದಂಗಡಿಯಿಂದ ಅದನ್ನು ಐಸ್ ಡಬ್ಬಿಯಲ್ಲಿಟ್ಟು, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದ.

ಮೊದಲ ದಿನ ಡಬ್ಬಿ ತೆಗೆದಾಗ, ಹುಟ್ಟಿದಾಗಿನಿಂದ ಸಸ್ಯಾಹಾರಿಯಾದ ರೇವತಿ ದುಪಟ್ಟಾ ಮೂಗಿಗೊತ್ತಿ ಆ ಕಡೆ ತಿರುಗಿಕೊಂಡಳು. ದೊಡ್ಡ ಕಣ್ಣುಗಳಲ್ಲಿ ನೀರು. ಆದರೂ ತುಟಿ ಕಚ್ಚಿಕೊಂಡು ಕೆಲಸ ಮುಗಿಸಿದಳು. ಭೀಮೇಶ ಅದನ್ನೆಲ್ಲ ನೋಡಿದ.

ಮರುದಿನದಿಂದ ಅವನು ಅಂಗಡಿಯ ನಲ್ಲಿಯಲ್ಲೇ, ಅಮ್ಮ ಮಂಜುಳಮ್ಮ ಮನೆಯಲ್ಲಿ ಮಾಡುವ ಹಾಗೆ, ಶ್ವಾಸನಾಳಕ್ಕೆ ನೀರು ಬಿಟ್ಟು, ತುಂಬಿಸಿ, ಒತ್ತಿ, ಬಸಿದು, ಹತ್ತಿಯಂತೆ ಬೆಳ್ಳಗಾಗುವವರೆಗೆ ತೊಳೆಯತೊಡಗಿದ.

"ಅರೆ ಭೀಮೇಶ್ ಭಾಯ್, ಇದು ಲ್ಯಾಬಿಗಾ, ಇಲ್ಲ ನಿಮ್ಮನೆ ಸಾರಿಗಾ?" ಎಂದು ಇನಾಯತ್ ಉಲ್ಲಾ ನಗುತ್ತಿದ್ದ.

"ಇವತ್ತು ವಾಸನೀನೇ ಇಲ್ಲ ನೋಡ್ರಿ!" ಎಂದು ರೇವತಿ ಕಣ್ಣರಳಿಸಿದಳು. ಕೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ಆ ಗುಳಿಗಾಗಿ ಭೀಮೇಶ ಮಾರನೆಯ ದಿನ ಎರಡು ಸಲ ತೊಳೆದ. ಹೀಗೆ ಮೂರು ವಾರ ನಡೆಯಿತು.

ಈಗ, ಗುರುವಾರ, ಅವಳು ಮೇಜಿಗೆ ತಲೆಯಿಟ್ಟು ಅಳುತ್ತಿದ್ದಳು.

"ಏನಾಯ್ತು ಮೇಡಂ?"

"ನಾಳೆ ಕಮಿಟಿ ಅದ ರೀ. ರಿಸಲ್ಟ್ ತೋರಿಸ್ಲಿಲ್ಲಂದ್ರ ಪ್ರಾಜೆಕ್ಟ್ ಬಂದ್ ಮಾಡ್ತಾರ. ನಾ ಊರಿಗೆ ಹೋಗೋದೇ." ಮೂಗೊರೆಸಿಕೊಂಡಳು. "ಶ್ವಾಸಕೋಶದ ಒಳಗ ಸೋಪಿನಂಥ ಒಂದು ಪದರ ಇರ್ತದ. ಉಸಿರು ಬಿಟ್ಟಾಗ ಒಳಗಿನ ಗುಳ್ಳಿ ಮುದುಡಿ ಅಂಟಿಕೊಳ್ಳದಂಗ ಅದೇ ಕಾಯೋದು. ಪಾಪ, ಆ ಕೂಸುಗಳಿಗೆ ಅದೇ ಇರಂಗಿಲ್ಲ. ಕುರೀದು ತೆಗದು, ಆ ಕೂಸುಗಳಿಗೆ ಮದ್ದು ಮಾಡಬೇಕು ನಾನು. ಮೊದಲನೇ ದಿನ ಚಂದ ಬಂತು. ಆಮೇಲಿಂದ ಬರೇ ನೀರು!"

"ಅದನ್ನ ಹೆಂಗೆ ತೆಗೀತೀರಾ?"

"ಶ್ವಾಸನಾಳಕ್ಕ ಉಪ್ಪುನೀರು ಹಾಕಿ ತೊಳದ್ರ ಬರ್ತದ."

ಭೀಮೇಶನಿಗೆ ಅಂಗಡಿಯ ನಲ್ಲಿ ನೆನಪಾಯಿತು. ಅಯ್ಯೋ ದೇವರೇ! ಮೂರು ವಾರದಿಂದ ಅವಳ ಮದ್ದನ್ನೆಲ್ಲ ಅವನು ಶಿವಾಜಿನಗರದ ಚರಂಡಿಗೆ ಸುರಿದಿದ್ದ.

ಬಾಯಿ ಮುಚ್ಚಿಕೊಂಡು ಇವತ್ತು ತೊಳೆಯದೆ ತಂದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳ ನೋಟ್‌ಬುಕ್ ತೆರೆದೇ ಇತ್ತು. ಪ್ರತಿ ಸೋಲಿನ ಮುಂದೆಯೂ ಅವಳ ಕೈಬರಹ: 'ಕಾರಣ: ನನ್ನ ಕೈ ಸರಿಯಿಲ್ಲ.' ಅದನ್ನು ನೋಡಿದ ಮೇಲೆ ಸುಮ್ಮನಿರುವುದು ಅವನಿಂದಾಗಲಿಲ್ಲ.

"ನಿಮ್ ಕೈ ಸರಿಯಾಗೇ ಇದೆ ಮೇಡಂ. ನಾನೇ ದಿನಾ ತೊಳ್ಕೊಂಡ್ ಬರ್ತಿದ್ದೆ. ಒಳಗೆಲ್ಲಾ ನೀರು ಬಿಟ್ಟು."

ರೇವತಿ ತಲೆಯೆತ್ತಿದಳು. ನೋಟ್‌ಬುಕ್ ಮುಚ್ಚಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಹೋಗ್ರಿ," ಎಂದಳು. "ಈಗಲೇ ಹೋಗಿ ತರ್ರಿ. ತೊಳೀದೇ."

ಅವನು ಹೋಗಿ ಬಂದ. ಡಬ್ಬಿಯನ್ನು ಅವಳೇ ತೆರೆದಳು. ಕಣ್ಣಲ್ಲಿ ನೀರು ಬಂತು, ದುಪಟ್ಟಾ ಮಾತ್ರ ಎತ್ತಲಿಲ್ಲ. ಭೀಮೇಶ ಸಹಾಯಕ್ಕೆಂದು ಕೈ ಚಾಚಿದ.

"ನೀವು ಅಲ್ಲೇ ಕೂಡ್ರಿ! ನಿಮ್ಮ ಉಪಕಾರ ಸಾಕಾಗ್ಯದ."

ಉಪ್ಪುನೀರು ಶ್ವಾಸನಾಳದೊಳಗೆ ಹೋಯಿತು, ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಹಿಂದಿರುಗಿತು. ಟೆಸ್ಟ್ ಟ್ಯೂಬಿಗೆ ಹಾಕಿ ಕುಲುಕಿದಳು. ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

"ಗುಳ್ಳಿ ಹದಿನೈದು ನಿಮಿಷ ಒಡೀದೆ ನಿಂತ್ರ ಆ ಪದರ ಬಂದದ ಅಂತ, ಪಾಸು," ಎಂದು ಗಡಿಯಾರ ನೋಡಿ ಅವನೆದುರು ಕುಳಿತಳು.



"ನಾಳೆ ಕಮಿಟೀಲಿ ನನ್ ಹೆಸರು ಹೇಳ್ಬಿಡಿ ಮೇಡಂ. ಬೇಜಾರಿಲ್ಲ."

ಅವಳು ನೋಟ್‌ಬುಕ್ ಎಳೆದುಕೊಂಡು ಹಳೆಯ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ಬರೆಯುತ್ತಾ ಗಟ್ಟಿಯಾಗಿ ಓದಿದಳು. "ಮಾದರಿಗಳನ್ನು ಮೊದಲೇ ತೊಳೆಯಲಾಗಿತ್ತು. ಕಾರಣ..." ಪೆನ್ನು ನಿಂತಿತು. "ಕಾರಣ ಏನಂತ ಬರೀಲಿ?"

"ವಾಸನೆ ಅಂತ."

"ವಾಸನಿ ಬಂದಿದ್ದು ನನಗ. ನಿಮಗ್ಯಾಕ ತ್ರಾಸು?"

ಭೀಮೇಶ ಟ್ಯೂಬನ್ನೇ ನೋಡುತ್ತಾ ಹೇಳಿದ. "ನಿಮ್ ಕಣ್ಣಲ್ಲಿ ನೀರು ಬಂದ್ರೆ ನನ್ಗೆ ತಡ್ಕೊಳಕ್ಕಾಗಲ್ಲ. ನೀವಂದ್ರೆ ತುಂಬಾ ಇಷ್ಟ ಮೇಡಂ. ಮೊದಲ್ನೇ ದಿನದಿಂದ್ಲೂ."

ಅವಳು ಏನೂ ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಮೇಡಂ ಅನಬ್ಯಾಡ್ರಿ," ಎಂದಳು ಮೆಲ್ಲಗೆ. ಕೆನ್ನೆಯ ಗುಳಿ ಕಾಣಿಸಿಕೊಂಡಿತ್ತು. "ದಿನಾ ಮುಂಜಾನೆ ಕಿಟಕ್ಯಾಗ ನಿಂತು ನಿಮ್ಮ ಮೊಪೆಡ್ ಸಪ್ಪಳ ಕಾಯ್ತಿದ್ದೆ. ಡಬ್ಬಿ ಸಲುವಾಗಿ ಅಂತ ತಿಳಿದ್ರೇನು?"

ಭೀಮೇಶ ಕೂತಲ್ಲಿಂದ ತಟ್ಟನೆ ಎದ್ದು ನಿಂತ. ಅವಳು ನಕ್ಕಳು, ಮೂರು ವಾರಗಳಲ್ಲಿ ಮೊದಲ ಸಲ ಮನಸಾರೆ ನಕ್ಕಳು. ಆಮೇಲೆ ಕಾರಣದ ಮುಂದೆ 'ಇಬ್ಬರಿಗೂ ಅನುಭವ ಸಾಲದು' ಎಂದು ಬರೆದು, ನೋಟ್‌ಬುಕ್ ಅವನತ್ತ ತಿರುಗಿಸಿದಳು.

ಗಡಿಯಾರದ ನೆನಪಾದಾಗ ಇಪ್ಪತ್ತೆರಡು ನಿಮಿಷ ಕಳೆದಿತ್ತು. ಇಬ್ಬರೂ ಒಟ್ಟಿಗೇ ಟ್ಯೂಬಿನತ್ತ ಬಾಗಿದರು. ಒಂದು ಗುಳ್ಳೆಯೂ ಒಡೆದಿರಲಿಲ್ಲ.