ಸೂರ್ಯಕಾಂತ ಕಲಿಸಿದ ಪಟ್ಟು

ಗೆದ್ದ ಹುಡುಗ ಊರೆಲ್ಲ ಹೇಳಿಕೊಂಡು ತಿರುಗಿದ್ದರೆ ಸೂರ್ಯಕಾಂತ ಸಹಿಸಿಕೊಳ್ಳುತ್ತಿದ್ದನೇನೋ. ಹೇಳಲಿಲ್ಲವಲ್ಲ, ಅದೇ ಉರಿ. ಬಸವಕಲ್ಯಾಣದ ತಾಲೀಮಿನ ಗರಡಿಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಸುಮ್ಮನೆ ಮೈ ಸಡಿಲಿಸಲು ಹಿಡಿದ ಕುಸ್ತಿಯಲ್ಲಿ ಅಜೀತನೆಂಬ ಆ ಪೋರ ಅವನನ್ನು ಅಂಗಾತ ಕೆಡವಿದ. ಕೆಡವಿ, ಕೈ ಕೊಟ್ಟು ಎಬ್ಬಿಸಿ, ಬೆನ್ನಿಗಂಟಿದ ಕೆಮ್ಮಣ್ಣು ಒರೆಸಿ ಕಾಲು ಮುಟ್ಟಿದ.

"ನಾ ಯಾರ ಮುಂದೂ ಹೇಳಂಗಿಲ್ಲರಿ ಕಾಕಾ," ಅಂದ.

ಮಾತಿನಂತೆ ನಡೆದುಕೊಂಡ ಕೂಡ. ಮಗನ ವಯಸ್ಸಿನವನ ಕರುಣೆ ಹೊತ್ತುಕೊಂಡು ತಿರುಗಬೇಕಲ್ಲ ಎಂದು ಸೂರ್ಯಕಾಂತನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತು.

ಹುಮನಾಬಾದಿನ ಸೂರ್ಯಕಾಂತನೆಂದರೆ ಈ ಸೀಮೆಯ ಎಳೆಯ ಪೈಲ್ವಾನರಿಗೆ ಒರೆಗಲ್ಲು. ಕೊಲ್ಹಾಪುರದಂಥ ದೊಡ್ಡ ಅಖಾಡಕ್ಕೆ ಹೋಗಬಯಸುವವನು ಮೊದಲು ಜನರೆದುರು ಅವನೊಡನೆ ಸೆಣಸಬೇಕು. ತಡೆದು ನಿಂತವನು ಮುಂದೆ ಹೋಗುತ್ತಾನೆ, ಬಿದ್ದವನು ತಾಲೀಮಿಗೆ ಮರಳಿ ಬೈಠಕ್ ಹೊಡೆಯುತ್ತಾನೆ. ಜನರ ಕಣ್ಣೆದುರು ಅವನನ್ನೇ ಕೆಡವಿದವರು ಮಾತ್ರ ಯಾರೂ ಇರಲಿಲ್ಲ. ಹೊಲವಿಲ್ಲ, ಅಂಗಡಿಯಿಲ್ಲ, ಸೂರ್ಯಕಾಂತನಿಗೆ ಇದ್ದದ್ದು ಆ ಹೆಸರೊಂದೇ. ಈಗ ಅಜೀತನ ಸರದಿ ಬಂದಿತ್ತು, ಅದೂ ಹುಮನಾಬಾದಿನಲ್ಲೇ, ಹಾಡಹಗಲು. ಮತ್ತೊಮ್ಮೆ ಬಿದ್ದರೆ ಮುಚ್ಚಿಡಲು ಅಲ್ಲಿ ಯಾವ ಪೋರನ ಕರುಣೆಯೂ ಸಾಲದು.

ಆದ್ದರಿಂದ ಹುಡುಗನ ಭುಜ ಹೋಗಬೇಕು ಎಂದು ಅವನು ತೀರ್ಮಾನಿಸಿದ.

ಅವನಿಗೊಂದು ಪಟ್ಟು ಗೊತ್ತಿತ್ತು. ಮಹಾರಾಷ್ಟ್ರದ ಮುದುಕನೊಬ್ಬನಿಂದ ಕಲಿತದ್ದು, ಈ ಕಡೆ ಬೇರೆ ಯಾರಿಗೂ ಬಾರದ್ದು. ಎದುರಾಳಿಯ ತೋಳನ್ನು ಬೆನ್ನ ಹಿಂದೆ ತಿರುವಿ ಹಿಡಿಯುವುದು. ಸಿಕ್ಕವನು ಎಡಕ್ಕೆ ಹೊರಳಿದರೆ ತೋಳು ಸಡಿಲಾಗಿ ಜಾರಿಕೊಳ್ಳುತ್ತದೆ. ಬಲಕ್ಕೆ ರಭಸದಿಂದ ಹೊರಳಿದರೆ ಭುಜದ ಕೀಲು ಕಳಚಿ, ಮತ್ತೆ ಕುಸ್ತಿಯ ಮಾತಿಲ್ಲ. ಹಿಡಿದವನ ಮೇಲೆ ತಪ್ಪೂ ಇಲ್ಲ, ಏಕೆಂದರೆ ಮುರಿದುಕೊಂಡವನು ತಾನೇ ಹೊರಳಿರುತ್ತಾನೆ. ಅಖಾಡದ ಸುತ್ತ ನೂರಾರು ಮೊಬೈಲುಗಳು ವಿಡಿಯೋ ಹಿಡಿದಿರುತ್ತವೆ. ಹಿಡಿಯಲಿ, ಅವೇ ತನ್ನ ಸಾಕ್ಷಿ ಎಂದುಕೊಂಡ.

ಹುಡುಗನ ತಾಲೀಮಿನ ವಸ್ತಾದ, ಅಂದರೆ ಗುರು, ಮಾಣಿಕಪ್ಪ. ಅವರು ಹುಲಸೂರಿಗೆ ಹೋದ ದಿನ ನೋಡಿಕೊಂಡು ಸೂರ್ಯಕಾಂತ ಬಸವಕಲ್ಯಾಣದ ಬಸ್ಸು ಹತ್ತಿದ. ಕೊಲ್ಹಾಪುರದಲ್ಲಿ ಇಂಥ ಪಟ್ಟಿಗೆ ಸಿಕ್ಕಿಬೀಳುತ್ತೀ, ಬಿಡಿಸಿಕೊಳ್ಳುವುದನ್ನು ಕಲಿತುಕೋ ಎಂದು ಅಜೀತನನ್ನು ಮಣ್ಣಿಗಿಳಿಸಿದ. ತೋಳು ಹಿಡಿಯುವ ಬಗೆ ತೋರಿಸಿ, ಬಲಕ್ಕೆ ಹೊರಳುವುದನ್ನೇ ಮತ್ತೆ ಮತ್ತೆ ಮಾಡಿಸಿದ. ನಿಧಾನಕ್ಕೆ ಮಾಡಿದರೆ ನೋವಾಗುವುದಿಲ್ಲ, ಅದೇ ಅದರ ಮೋಸ. ಹುಡುಗ ಕಣ್ಣರಳಿಸಿ ಕಲಿಯುವುದನ್ನು ಕಂಡಾಗ ಸೂರ್ಯಕಾಂತನಿಗೆ ಕರುಳು ಚುರುಕ್ ಎಂದದ್ದು ನಿಜ. ಆದರೆ ಬೆನ್ನಿನ ಮಣ್ಣು ಒರೆಸಿದ ಆ ಕೈ ನೆನಪಾಯಿತು.

"ಇದು ಗುಟ್ಟಿನ ಪಟ್ಟು. ನಿಮ್ಮ ವಸ್ತಾದರಿಗೂ ಹೇಳಬ್ಯಾಡ," ಅಂದ.

ಹುಡುಗ ಬಾಯಿ ಬಿಡುವವನಲ್ಲ ಎಂಬುದು ಅವನಿಗೆ ಈಗಾಗಲೇ ಚೆನ್ನಾಗಿ ಗೊತ್ತಿತ್ತು. ಭುಜ ಹೋದ ಮೇಲೆ ಬಾಯಿ ಬಿಟ್ಟರೂ, ಎದುರಾಳಿಯೇ ಪಟ್ಟು ಕಲಿಸಿಕೊಟ್ಟನೆಂದರೆ ಯಾರು ನಂಬುತ್ತಾರೆ?

ಕುಸ್ತಿಯ ದಿನ ಹುಮನಾಬಾದಿನ ಅಖಾಡದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸೂರ್ಯಕಾಂತ ತೊಡೆ ತಟ್ಟಿ ಇಳಿದ. ಇಷ್ಟು ಹಗುರವಾಗಿ ಅವನು ಎಂದೂ ಮಣ್ಣಿಗಿಳಿದಿರಲಿಲ್ಲ. ಎದುರಿನಿಂದ ಅಜೀತ ಬಂದ. ಲಂಗೋಟಿಯಲ್ಲಲ್ಲ, ಅಂಗಿ ಪ್ಯಾಂಟಿನಲ್ಲಿ. ಕೈಯಲ್ಲಿ ತೆಂಗಿನಕಾಯಿ ಮತ್ತು ಕೇಸರಿ ರುಮಾಲು ಇದ್ದವು. ಎರಡನ್ನೂ ಸೂರ್ಯಕಾಂತನ ಪಾದದ ಬಳಿ ಇಟ್ಟು ಜನರ ಕಡೆ ತಿರುಗಿದ.

"ಇವರು ನನಗ ಒಂದು ಪಟ್ಟು, ಅದನ್ನ ಬಿಡಿಸ್ಕೊಳ್ಳೋದು ಕಲಿಸ್ಯಾರರಿ. ಗುಟ್ಟು ಅಂದಿದ್ರು, ಆದ್ರ ವಸ್ತಾದರ ಮ್ಯಾಲ ನಾ ಹ್ಯಾಂಗ ಕೈ ಮಾಡ್ಲಿ?"

ಒಂದೇ ಪಟ್ಟು ಕಲಿಸಿದರೂ ಅವನು ವಸ್ತಾದ, ವಸ್ತಾದನೊಡನೆ ಶಿಷ್ಯ ಜನರೆದುರು ಸೆಣಸುವುದಿಲ್ಲ. ಸೂರ್ಯಕಾಂತ ಇದನ್ನು ಚಿಕ್ಕಂದಿನಿಂದ ಬಲ್ಲ, ಆದರೆ ಜೀವಮಾನದಲ್ಲಿ ಯಾರಿಗೂ ಏನನ್ನೂ ಕಲಿಸದವನಿಗೆ ಅದು ನೆನಪಾಗಲೇ ಇಲ್ಲ. ಮಾಣಿಕಪ್ಪ ತಾವೇ ಬಂದು ಅವನ ತಲೆಗೆ ರುಮಾಲು ಸುತ್ತಿ, ಕುಸ್ತಿ ತಪ್ಪಿದರೇನಾಯಿತು, ಶಿಷ್ಯ ಹಿಡಿಯಲಿ, ಹೊಸ ವಸ್ತಾದರು ಬಿಡಿಸಿಕೊಂಡು ತೋರಿಸಲಿ ಎಂದರು. ಮಂದಿ ಶಿಳ್ಳೆ ಹೊಡೆದರು, ಸುತ್ತಲೂ ಮೊಬೈಲುಗಳು ಮೇಲೆದ್ದವು. ಎಡಕ್ಕೆ ಹೊರಳಿದರೆ ಮೋಸ ಬಯಲು, ಬಲಕ್ಕೆ ಹೊರಳಿದರೆ ಭುಜ ಹೋಯಿತು. ಅಷ್ಟರಲ್ಲಿ ಅಜೀತ ಅವನ ತೋಳನ್ನು ಬೆನ್ನ ಹಿಂದೆ ತಿರುವಿ ಭದ್ರವಾಗಿ ಹಿಡಿದಾಗಿತ್ತು. "ಪೂರಾ ಜೋರು ಹಾಕೀನ್ರಿ ವಸ್ತಾದ," ಎಂದು ಕಿವಿಯ ಬಳಿ ಭಕ್ತಿಯಿಂದ ಹೇಳಿದ, "ಈಗ ಹೊರಳ್ರಿ."