ಗೋಡೆಗೆ ಮುಖ ಮಾಡಿ

ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಸೆಮಾರಾಂಗ್ ಬಂದರು ಪಟ್ಟಣದ ನಮ್ಮ ಸರಕು ಸಾಗಣೆ ಕಚೇರಿಯಲ್ಲಿ ಲೆಕ್ಕ ನೋಡುತ್ತಿದ್ದ ಬು ವಿನಾರ್ನಿ ಮಹಾ ಸಿಡುಕಿನ ಹೆಂಗಸು. ಬಂದರಿನ ಕಾಗದಪತ್ರಗಳಿಗೆ ಸಹಿಯಂತೆ ಬಳಸುವ ಕಂಪನಿಯ ಡಿಜಿಟಲ್ ಸರ್ಟಿಫಿಕೇಟಿನ ಪಾಸ್‌ವರ್ಡ್ ಆಕೆಗೊಬ್ಬಳಿಗೇ ಗೊತ್ತಿತ್ತು. ಆಕೆ ಅದನ್ನು ಟೈಪ್ ಮಾಡುವಾಗ ನಾವೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು.

"ತಿರುಗಿದ್ರೆ ಕಣ್ಣು ಕಿತ್ತು ಹಾಕ್ತೀನಿ!" ಎನ್ನುತ್ತಿದ್ದಳು. ಕೊನೆಗೆ ಎಂಟರ್ ಕೀಲಿಯನ್ನು ಉದ್ದನೆಯ ಉಗುರಿನಿಂದ ಟಕ್ ಎಂದು ಕುಕ್ಕುತ್ತಿದ್ದಳು.

ಪಾಸ್‌ವರ್ಡ್ ಯಾರಿಗೂ ಹೇಳದೆಯೇ ಸತ್ತಳು.

ಆಮೇಲೆ ಹೊಸ ಕಂಪ್ಯೂಟರ್ ಬಂತು. ಅದರ ಬ್ರೌಸರಿಗೂ ಮೇಲ್ ಪ್ರೋಗ್ರಾಮಿಗೂ ಸರ್ಟಿಫಿಕೇಟ್ ಸೇರಿಸದೆ ಬಂದರಿನಲ್ಲಿ ನಮ್ಮ ಸರಕು ಬಿಡುವುದಿಲ್ಲ. ನಾನು ಹಾಕಿದ ಪಾಸ್‌ವರ್ಡೆಲ್ಲ ತಪ್ಪಾಯಿತು.

"ಏನೋ ಒಂದು ಒತ್ತಯ್ಯಾ! ಆ ಮುದುಕಿ ಎದ್ದು ಬಂದು ಹೇಳ್ತಾಳಾ?" ಎಂದು ಯಜಮಾನ ಪಾಕ್ ಗುನಾದಿ ರೇಗಿದ.

ಮಧ್ಯಾಹ್ನದ ಸೆಕೆಯಲ್ಲೂ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು. ಆಕೆ ಹಚ್ಚಿಕೊಳ್ಳುತ್ತಿದ್ದ ಲವಂಗದ ಮುಲಾಮಿನ ವಾಸನೆ ಬಂತು. ನಾನು ಎದ್ದು ಗೋಡೆಗೆ ಮುಖ ಮಾಡಿ ನಿಂತೆ.

"ನಿಂಗೇನು ತಲೆ ಕೆಟ್ಟಿದ್ಯಾ?" ಎಂದ ಯಜಮಾನ, ಮರುಕ್ಷಣ ತಾನೂ ಬಂದು ನನ್ನ ಪಕ್ಕ ನಿಂತ. ಅವನ ಹಣೆ ಗೋಡೆಗೆ ತಾಗಿತ್ತು.

ಹಿಂದೆ ಕೀಲಿಗಳು ಸದ್ದು ಮಾಡಿದವು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಟಕ್.

ತಿರುಗಿದಾಗ ಕುರ್ಚಿ ಖಾಲಿಯಿತ್ತು. ಬ್ರೌಸರು, ಮೇಲ್ ಪ್ರೋಗ್ರಾಮು ಎರಡರಲ್ಲೂ ಸರ್ಟಿಫಿಕೇಟ್ ಸೇರಿತ್ತು. ಬೆಳಗ್ಗೆಯಷ್ಟೇ ಡಬ್ಬದಿಂದ ತೆಗೆದ ಕೀಬೋರ್ಡಿನ ಎಂಟರ್ ಕೀಲಿಯ ಮೇಲೆ ಉಗುರು ಕೊರೆದ ಗೀರಿತ್ತು.

ಪಾಕ್ ಗುನಾದಿಯ ಕತ್ತಿನ ಹಿಂದೆಯೂ ಅಂಥದ್ದೇ ಒಂದಿತ್ತು. ಅದು ಇನ್ನೂ ಮಾಯ್ದಿಲ್ಲ.